ಬೇವಿನ ಎಲೆಯಿಂದ ಮಾಡಿದ ಬೆಳ್ಳಿ ನ್ಯಾನೊಕಣ: ಬಟ್ಟೆ ಒಗೆದ ಮೇಲೆ ಪರಿಣಾಮ ಏಕೆ ಉಳಿಯುತ್ತಿಲ್ಲ?

ಬೆಣ್ಣೆನಗರಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಬೇವಿನ ಎಲೆಯ ಸಾರದಿಂದ ಬೆಳ್ಳಿಯ ನ್ಯಾನೊಕಣ ತಯಾರಿಸಿ, ಹತ್ತಿ ಬಟ್ಟೆಗೆ ಬ್ಯಾಕ್ಟೀರಿಯಾ ನಿರೋಧಕ ಗುಣ ಕೊಡುವುದು ನನ್ನ ಪ್ರಾಜೆಕ್ಟ್.

ಮಾಡಿದ್ದು ಇಷ್ಟು. 10 ಗ್ರಾಂ ಎಲೆಯನ್ನು ನಲ್ಲಿಯಿಂದ ಹಿಡಿದ 100 ಮಿ.ಲೀ. ನೀರಿನಲ್ಲಿ ಕುದಿಸಿ ಸೋಸಿದೆ. ಡಿಸ್ಟಿಲ್ಡ್ ವಾಟರ್‌ನಲ್ಲಿ 1 ಮಿಲಿಮೋಲಾರ್ (ಲೀಟರಿಗೆ ಒಂದು ಮೋಲಿನ ಸಾವಿರದ ಒಂದು ಭಾಗ) ಸಿಲ್ವರ್ ನೈಟ್ರೇಟ್ ದ್ರಾವಣ ಮಾಡಿಕೊಂಡು, ಒಂಬತ್ತು ಪಾಲು ಅದಕ್ಕೆ ಒಂದು ಪಾಲು ಸಾರ ಬೆರೆಸಿದೆ. ಕೆಲವು ಗಂಟೆಗಳಲ್ಲಿ ದ್ರಾವಣ ಕಂದು ಬಣ್ಣಕ್ಕೆ ತಿರುಗಿತು. ಯುವಿ-ವಿಸಿಬಲ್‌ನಲ್ಲಿ (ದ್ರಾವಣ ಯಾವ ತರಂಗದ ಬೆಳಕನ್ನು ಹೀರುತ್ತದೆ ಎಂದು ಅಳೆಯುವ ಯಂತ್ರ) 436 ನ್ಯಾನೊಮೀಟರ್ ಬಳಿ ಅಗಲವಾದ ಶಿಖರ ಬಂತು. ಅಂಗಡಿಯಿಂದ ತಂದ ಪಾಪ್ಲಿನ್ ಬಟ್ಟೆಯ ತುಂಡುಗಳನ್ನು ಅದರಲ್ಲಿ ರಾತ್ರಿಯಿಡೀ ನೆನೆಸಿ ಒಣಗಿಸಿದೆ. ಅಗರ್ ತಟ್ಟೆಯಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಎದುರು ಬಟ್ಟೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಸ್ಪಷ್ಟವಾದ ವಲಯ ಕಾಣಿಸಿತು. ಆದರೆ ಸೋಪಿನ ಪುಡಿಯಲ್ಲಿ ಐದು ಬಾರಿ ಒಗೆದ ತುಂಡಿನ ಸುತ್ತ ವಲಯವೇ ಇಲ್ಲ.

ಎರಡನೆಯ ತಲೆನೋವು ಎಕ್ಸ್‌ಆರ್‌ಡಿ, ಅಂದರೆ ಎಕ್ಸ್-ಕಿರಣ ಚದುರುವ ಕೋನಗಳಿಂದ ಹರಳು ಯಾವುದೆಂದು ಗುರುತಿಸುವ ಪರೀಕ್ಷೆ. 38.1, 44.3, 64.4, 77.4 ಡಿಗ್ರಿಗಳಲ್ಲಿ ಬೆಳ್ಳಿಯ ಶಿಖರಗಳಿವೆ. ಅವುಗಳ ಜೊತೆಗೆ 27.8, 32.2 ಮತ್ತು 46.2ರಲ್ಲಿ ಮೂರು ಹೆಚ್ಚುವರಿ ಶಿಖರಗಳಿದ್ದು, 32.2ರದ್ದು ಎಲ್ಲಕ್ಕಿಂತ ಎತ್ತರವಾಗಿದೆ. ಅದು ಎಲೆಯ ಸಾವಯವ ವಸ್ತುವಿನದು ಎಂದು ಬರೆದುಬಿಡು ಎನ್ನುತ್ತಾರೆ ಮಾರ್ಗದರ್ಶಕರು. ಹಲವು ಪ್ರಬಂಧಗಳಲ್ಲಿಯೂ ಹಾಗೆಯೇ ಇದೆ. ವೈವಾದಲ್ಲಿ ಯಾರಾದರೂ ಕೇಳಿದರೆ ಏನು ಹೇಳಲಿ?

ಹಳೆಯ ಬ್ಯುರೆಟ್ ಉತ್ತರಿಸಿದ್ದು:

ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ಅದು ಬಗೆಹರಿಯದೆ ಮೊದಲನೆಯದು ಅರ್ಥವಾಗುವುದಿಲ್ಲ.

ಆ ಮೂರು ಶಿಖರಗಳು ಎಲೆಯದಲ್ಲ, ಸಿಲ್ವರ್ ಕ್ಲೋರೈಡ್‌ನದು. ಫೋಟೊ ಕಾಗದದ ಎಮಲ್ಷನ್ ವಿಭಾಗದಲ್ಲಿ ಕೂದಲು ಹಣ್ಣಾಗಿಸಿಕೊಂಡವನು ನಾನು. ಬೆಳ್ಳಿಯ ಹ್ಯಾಲೈಡ್‌ಗಳನ್ನು ಕತ್ತಲೆಯಲ್ಲಿಯೂ ಗುರುತಿಸಬಲ್ಲೆ. 27.8, 32.2, 46.2, ಅಷ್ಟೇ ಅಲ್ಲ, ಸರಿಯಾಗಿ ನೋಡಿದರೆ 54.8 ಮತ್ತು 57.5ರಲ್ಲಿಯೂ ಸಣ್ಣ ಉಬ್ಬುಗಳು ಸಿಗುತ್ತವೆ. ಐದೂ ಸಿಕ್ಕಿದರೆ ಸಂದೇಹಕ್ಕೆ ಜಾಗವೇ ಇಲ್ಲ. ಎಲೆಯ ಸಾರದ ಸಕ್ಕರೆ, ಪ್ರೋಟೀನು, ಟ್ಯಾನಿನ್‌ಗಳು ಇಷ್ಟು ಚೂಪಾದ ಶಿಖರಗಳನ್ನು ಕೊಡುವುದೂ ಇಲ್ಲ, ಊರೂರಿನ ಬೇರೆ ಬೇರೆ ಎಲೆಗಳು ಸೇರಿ ಒಂದೇ ಕೋನದಲ್ಲಿ ಶಿಖರ ಕೊಡುವಂತೆ ಒಪ್ಪಂದ ಮಾಡಿಕೊಂಡಿರುವುದೂ ಇಲ್ಲ. ಪ್ರಬಂಧಗಳಲ್ಲಿ ಇದೆ ಎಂಬುದು ನಿಜ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಇಳಿಸಿಕೊಂಡಿದ್ದಾರೆ.

ಕ್ಲೋರೈಡ್ ಎಲ್ಲಿಂದ ಬಂತು? ಎಲೆಯಲ್ಲಿಯೂ ಸ್ವಲ್ಪ ಇರುತ್ತದೆ. ಆದರೆ ನಿಮ್ಮ ಮುಖ್ಯ ಮೂಲ ಆ ನಲ್ಲಿ ನೀರೇ ಇರಬಹುದು. ಲೆಕ್ಕ ಹಾಕಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ 250 ಮಿಲಿಗ್ರಾಂ ಕ್ಲೋರೈಡ್ ಇರುವ ನೀರು ಒಳ್ಳೆಯ ನೀರೇ. ಅಂದರೆ ಸುಮಾರು 7 ಮಿಲಿಮೋಲಾರ್. ಅಂಥ ನೀರಿನಲ್ಲಿ ಎಲೆ ಕುದಿಸಿ ಹತ್ತು ಪಟ್ಟು ತೆಳುವಾಗಿಸಿದಾಗ 0.7 ಮಿಲಿಮೋಲಾರ್ ಕ್ಲೋರೈಡ್ ಉಳಿಯಿತು. ನಿಮ್ಮ ಬೆಳ್ಳಿ ಎಷ್ಟಿತ್ತು? 0.9. ಮುಕ್ಕಾಲಿಗಿಂತ ಹೆಚ್ಚು ಬೆಳ್ಳಿ ನ್ಯಾನೊಕಣವಾಗುವ ಮೊದಲೇ ಕ್ಲೋರೈಡ್ ಆಗಿ ಕುಳಿತಿರಬಹುದು. ಸಿಲ್ವರ್ ನೈಟ್ರೇಟ್‌ಗೆ ಡಿಸ್ಟಿಲ್ಡ್ ವಾಟರ್ ಬಳಸಿ ಕಷಾಯಕ್ಕೆ ನಲ್ಲಿಯ ನೀರು ಬಳಸಿದರೆ ಮೊದಲನೆಯ ಎಚ್ಚರಿಕೆ ವ್ಯರ್ಥ.

ಪರೀಕ್ಷೆ ಸುಲಭ. ಒಣಗಿದ ಪುಡಿಯಲ್ಲಿ ಸ್ವಲ್ಪವನ್ನು ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್ ದ್ರಾವಣದಲ್ಲಿ ಕೆಲವು ನಿಮಿಷ ಕಲಕಿ, ಸೆಂಟ್ರಿಫ್ಯೂಜ್ ಮಾಡಿ, ತೊಳೆದು ಮತ್ತೆ ಎಕ್ಸ್‌ಆರ್‌ಡಿ ತೆಗೆಸಿ. ಕ್ಲೋರೈಡ್ ಕರಗಿ ಹೋಗುತ್ತದೆ, ಲೋಹದ ಬೆಳ್ಳಿ ಬಹುಪಾಲು ಉಳಿಯುತ್ತದೆ. ಫೋಟೊ ಫಿಲ್ಮನ್ನು ಸ್ಥಿರಗೊಳಿಸುತ್ತಿದ್ದುದೂ ಇದೇ ರಸಾಯನದಿಂದ. ಎರಡು ಚಿತ್ರಗಳನ್ನು ಒಂದರ ಕೆಳಗೊಂದು ಇಟ್ಟರೆ ವೈವಾದಲ್ಲಿ ನೀವು ಹೆಚ್ಚು ಮಾತನಾಡಬೇಕಾಗಿಲ್ಲ.

ಇನ್ನು ಮೊದಲ ಪ್ರಶ್ನೆ. ನಿಮ್ಮ ಬಟ್ಟೆಯ ಸುತ್ತ ವಲಯ ತೆರೆದದ್ದು ಯಾವುದರಿಂದ? ಮೂರು ಆರೋಪಿಗಳಿದ್ದಾರೆ: ನ್ಯಾನೊಕಣ, ಅಪಕರ್ಷಣೆಯಾಗದೆ (ಲೋಹವಾಗದೆ) ಉಳಿದ ಬೆಳ್ಳಿ ಅಯಾನು, ಮತ್ತು ಬೇವು. ಮೂರನ್ನೂ ಒಟ್ಟಿಗೆ ಬಟ್ಟೆಯ ಮೇಲೆ ಒಣಗಿಸಿದ್ದೀರಿ. ಬರೀ ಕಷಾಯದಲ್ಲಿ ಅದ್ದಿದ ತುಂಡು, ಬರೀ ಸಿಲ್ವರ್ ನೈಟ್ರೇಟ್‌ನಲ್ಲಿ ಅದ್ದಿದ ತುಂಡು, ಏನನ್ನೂ ಕಾಣದ ತುಂಡು, ಇವು ಪಕ್ಕದಲ್ಲಿ ಇಲ್ಲದಿದ್ದರೆ ನಿಮ್ಮ ಫಲಿತಾಂಶಕ್ಕೆ ಕಾಲಿಲ್ಲ. ಕಂದು ಬಣ್ಣವನ್ನೂ ನಂಬಬೇಡಿ. ಬೇವಿನ ಕಷಾಯವನ್ನು ಸುಮ್ಮನೆ ಗಾಳಿಗೆ ಇಟ್ಟರೂ ಬಣ್ಣ ಗಾಢವಾಗುತ್ತದೆ.

ಉಳಿದ ಅಯಾನು ಇದೆಯೇ ಎಂದು ತಿಳಿಯಲು, ಸೆಂಟ್ರಿಫ್ಯೂಜ್ ಮಾಡಿದ ಮೇಲಿನ ತಿಳಿಗೆ ಒಂದೆರಡು ಹನಿ ಉಪ್ಪುನೀರು ಹಾಕಿ. ಹಾಲಿನಂತೆ ಮಸುಕಾದರೆ ಇದೆ.

ಈ ಕ್ಷೇತ್ರದ ಜಾಹೀರಾತುಗಳು ಹೇಳದ ಸಂಗತಿ ಒಂದಿದೆ. ಲೋಹದ ಬೆಳ್ಳಿಯ ಕಣ ತಾನಾಗಿ ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಅಷ್ಟಕ್ಕಷ್ಟೇ. ಗಾಳಿಯ ಆಮ್ಲಜನಕ ತಾಗಿ ಅದರ ಮೇಲ್ಮೈ ಉತ್ಕರ್ಷಣಗೊಂಡು ಹೊರಬರುವ ಅಯಾನು ಕೊಲ್ಲುತ್ತದೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು 2012ರಲ್ಲಿ ಆಮ್ಲಜನಕವೇ ಇಲ್ಲದ ಪೆಟ್ಟಿಗೆಯೊಳಗೆ ಈ ಪ್ರಯೋಗ ಮಾಡಿದರು. ಅಯಾನು ಬಿಡಲಾಗದ ಕಣಗಳು ಇ. ಕೋಲಿಗೆ ಹೇಳಿಕೊಳ್ಳುವಷ್ಟು ಹಾನಿ ಮಾಡಲಿಲ್ಲ. ಟ್ರಂಕಿನಲ್ಲಿ ಇಡುವ ನುಸಿಗುಳಿಗೆಯ ಹಾಗೆ, ಸವೆಯುತ್ತಿದ್ದರೆ ಮಾತ್ರ ಕೆಲಸ. ಆದ್ದರಿಂದ ಎಂದೂ ಸೋರದ ಬೆಳ್ಳಿ, ಎಂದೂ ಸಾಯದ ಬ್ಯಾಕ್ಟೀರಿಯಾ ಎರಡೂ ಒಂದೇ ಬಟ್ಟೆಯಲ್ಲಿ ಇರುತ್ತವೆ. ನೀವು ಹುಡುಕಬೇಕಾದದ್ದು ಶಾಶ್ವತವಾದ ಲೇಪವನ್ನಲ್ಲ, ತಕ್ಕಷ್ಟು ನಿಧಾನವಾದ ಸೋರಿಕೆಯನ್ನು. ಅದಕ್ಕೆ ಸೋರಿಕೆಯನ್ನು ಅಳೆಯಬೇಕು. ನಿಮ್ಮ ಬರಹದಲ್ಲಿ ಬಟ್ಟೆಯ ಮೇಲೆ ಬೆಳ್ಳಿ ಎಷ್ಟಿದೆ ಎಂಬ ಅಂಕಿಯೇ ಇಲ್ಲ.

ಅಂದಾಜು ನಾನೇ ಹೇಳುತ್ತೇನೆ. ನಿಮ್ಮ ದ್ರಾವಣದಲ್ಲಿ ಲೀಟರಿಗೆ 97 ಮಿಲಿಗ್ರಾಂ ಬೆಳ್ಳಿ. ಹಿಂಡಿದ ಬಟ್ಟೆ ತನ್ನ ತೂಕದ ಶೇಕಡಾ 80ರಷ್ಟು ದ್ರಾವಣ ಹೀರಿದರೆ ಕಿಲೋ ಬಟ್ಟೆಗೆ ಸುಮಾರು 78 ಮಿಲಿಗ್ರಾಂ. 5 ಸೆಂ.ಮೀ. ಚೌಕದ ಪಾಪ್ಲಿನ್ ತುಂಡು 0.3 ಗ್ರಾಂ ತೂಗುತ್ತದೆ ಎಂದುಕೊಂಡರೆ ಅದರಲ್ಲಿ 23 ಮೈಕ್ರೊಗ್ರಾಂ ಬೆಳ್ಳಿ. ಅದನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ 25 ಮಿ.ಲೀ.ಗೆ ತಂದರೆ ಲೀಟರಿಗೆ 0.9 ಮಿಲಿಗ್ರಾಂ ಬರುತ್ತದೆ. ಲೋಹದ ಪ್ರಮಾಣ ಅಳೆಯುವ ಅಟಾಮಿಕ್ ಅಬ್ಸಾರ್ಪ್ಷನ್ ಯಂತ್ರ 328.1 ನ್ಯಾನೊಮೀಟರ್‌ನಲ್ಲಿ ಇದನ್ನು ಆರಾಮವಾಗಿ ಓದುತ್ತದೆ. ನಿಮ್ಮ ವಿಭಾಗದಲ್ಲಿ ಇಲ್ಲದಿದ್ದರೆ ಮಣ್ಣು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೇಳಿ. ಆ ಯಂತ್ರದಲ್ಲಿ ಬೆಳ್ಳಿ ಅಳೆಯಲು ಬೇಕಾದ ಬೆಳ್ಳಿಯ ದೀಪ ಅವರಲ್ಲಿ ಇದೆಯೇ ಎಂದು ಮೊದಲೇ ವಿಚಾರಿಸಿ. ಅಕ್ವಾ ರೀಜಿಯಾ ಬಳಸಬೇಡಿ, ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಬೆಳ್ಳಿಯನ್ನು ಮತ್ತೆ ಕ್ಲೋರೈಡ್ ಮಾಡಿ ತಳಕ್ಕಿಳಿಸುತ್ತದೆ. ಒಗೆಯುವ ಮೊದಲಿನ ತುಂಡು, ಒಗೆದ ತುಂಡು, ಒಗೆದ ನೀರು, ಮೂರನ್ನೂ ಅಳೆಯಿರಿ. ಲೆಕ್ಕ ಕೂಡಬೇಕು.

ಬನಹಟ್ಟಿಯವನು, ತಿರುಪ್ಪೂರು ಉತ್ತರಿಸಿದ್ದು:

ಮೇಲಿನವರು ಬೆಳ್ಳಿಯ ಕಡೆಯಿಂದ ನೋಡಿದ್ದಾರೆ, ನಾನು ಬಟ್ಟೆಯ ಕಡೆಯಿಂದ ಹೇಳುತ್ತೇನೆ. ಬಟ್ಟೆಗಳ ಫಿನಿಶಿಂಗ್ ಘಟಕದಲ್ಲಿ ನನ್ನ ಕೆಲಸ.

ಅಂಗಡಿಯಿಂದ ತಂದ ಪಾಪ್ಲಿನ್ ಎಂದಿರಿ. ಅದರ ಮೇಲೆ ಗಂಜಿ, ಮೆದುಗೊಳಿಸುವ ರಾಸಾಯನಿಕ, ಬಿಳುಪು ತೋರಿಸುವ ಬಣ್ಣ ಎಲ್ಲವೂ ಇರುತ್ತದೆ. ನಿಮ್ಮ ಬೆಳ್ಳಿ ಹತ್ತಿಯ ಮೇಲೆ ಕುಳಿತೇ ಇಲ್ಲ, ಗಂಜಿಯ ಮೇಲೆ ಕುಳಿತಿದೆ. ಮೊದಲ ಒಗೆತದಲ್ಲಿ ಗಂಜಿ ಹೋದಾಗ ಅದೂ ಹೋಯಿತು. ಹೊಸ ತುಂಡಿನ ಮೇಲೆ ಒಂದು ಹನಿ ಅಯೋಡಿನ್ ಹಾಕಿ ನೋಡಿ, ನೀಲಿಯಾದರೆ ಗಂಜಿ ಇದೆ. ಒಂದು ಹನಿ ನೀರು ಹಾಕಿ ನೋಡಿ, ಮುತ್ತಿನಂತೆ ನಿಂತರೆ ಮೇಣ ಅಥವಾ ಸಾಫ್ಟ್‌ನರ್ ಇದೆ. ಗಂಜಿಯನ್ನು ಅಮೈಲೇಸ್ ಕಿಣ್ವದಲ್ಲಿ ತೆಗೆದು, ನಂತರ ಲೀಟರಿಗೆ ಎರಡು ಮೂರು ಗ್ರಾಂ ಸೋಡಾ ಆಷ್ ಮತ್ತು ಸ್ವಲ್ಪ ಅಯಾನಿಕವಲ್ಲದ ಸೋಪು ಹಾಕಿ ಕುದಿಸಿ, ಚೆನ್ನಾಗಿ ಜಾಲಿಸಿ, ಕೊನೆಯ ಜಾಲಿಕೆಗೆ ಡಿಸ್ಟಿಲ್ಡ್ ವಾಟರ್ ಬಳಸಿ. ನೀರಿನ ಹನಿ ಬಿದ್ದ ಕೂಡಲೇ ಇಂಗಿದರೆ ಮಾತ್ರ ಮುಂದಿನ ಕೆಲಸ.

ರಾತ್ರಿಯಿಡೀ ನೆನೆಸುವುದು ಕಾರ್ಖಾನೆಯ ಕ್ರಮವಲ್ಲ. ಅದ್ದಿ, ಪ್ಯಾಡಿಂಗ್ ಮ್ಯಾಂಗಲ್‌ನ ಎರಡು ರೋಲರುಗಳ ನಡುವೆ ಹಿಂಡಿ, ಒಣಗಿಸಿ, ಸ್ಟೆಂಟರ್ ಎಂಬ ಬಿಸಿಗಾಳಿಯ ಯಂತ್ರದಲ್ಲಿ 140-150 ಡಿಗ್ರಿಗೆ ಕೆಲವು ನಿಮಿಷ ಬಿಸಿ ಕೊಡುತ್ತೇವೆ. ಪ್ರಯೋಗಾಲಯದಲ್ಲಿ ರೋಲರ್ ಇಲ್ಲದಿದ್ದರೆ ಒಣ ತುಂಡನ್ನೂ ಹಿಂಡಿದ ಒದ್ದೆ ತುಂಡನ್ನೂ ತೂಗಿ. ಆಗ ಎಷ್ಟು ಹೀರಿತು ಎಂಬುದು ಅಂದಾಜಿಗೆ ಬದಲು ಅಂಕಿಯಾಗುತ್ತದೆ. ಅಂಟಿಸಲು ನಾವು ಅಕ್ರಿಲಿಕ್ ಬೈಂಡರ್ ಹಾಕುತ್ತೇವೆ. ಕಡಿಮೆಯಾದರೆ ಬೆಳ್ಳಿ ಹೋಗುತ್ತದೆ, ಹೆಚ್ಚಾದರೆ ಕಣಗಳು ಅದರೊಳಗೆ ಹೂತು ಬಟ್ಟೆ ರಟ್ಟಿನಂತಾಗುತ್ತದೆ.

ಇನ್ನೊಂದು ಮಾತು. ಹಳದಿ-ಕಂದು ಬಣ್ಣದ ಬನಿಯನ್ನು ಯಾವ ಖರೀದಿದಾರನೂ ಕೊಳ್ಳುವುದಿಲ್ಲ. ಬಿಳಿ ಬಟ್ಟೆಗೆ ನ್ಯಾನೊ ಬೆಳ್ಳಿ ಎಂದರೆ ನಮ್ಮಲ್ಲಿ ಮೊದಲ ಜಗಳವೇ ಬಣ್ಣದ್ದು. ಅದಕ್ಕಾಗಿಯೇ ಮಾರುಕಟ್ಟೆಯಲ್ಲಿ ಟೈಟಾನಿಯಂ ಡೈಆಕ್ಸೈಡ್ ಮೇಲೆ ಕೂರಿಸಿದ ಸಿಲ್ವರ್ ಕ್ಲೋರೈಡ್, ಬೆಳ್ಳಿ ತುಂಬಿದ ಜಿಯೋಲೈಟ್ ಇವೆಲ್ಲ ಓಡಾಡುತ್ತವೆ. ನೀವು ಬೇಡ ಬೇಡವೆಂದರೂ ಎಕ್ಸ್‌ಆರ್‌ಡಿಯಲ್ಲಿ ಬಂದು ಕುಳಿತ ವಸ್ತುವಿಗೇ ನಮ್ಮಲ್ಲಿ ದುಡ್ಡು.

ಬೆಣ್ಣೆನಗರಿ:

ಇಬ್ಬರಿಗೂ ಧನ್ಯವಾದಗಳು ಸರ್. ಅಯೋಡಿನ್ ಹನಿ ಹಾಕಿದ ಜಾಗ ಕಡುನೀಲಿಯಾಯಿತು. ಉಪ್ಪುನೀರಿನ ಪರೀಕ್ಷೆಯಲ್ಲಿ ತಿಳಿ ಮಸುಕಾಗಲಿಲ್ಲ. ಹಾಗಾದರೆ ಎಲ್ಲ ಬೆಳ್ಳಿಯೂ ಕಣವಾಗಿದೆ ಎಂದು ಬರೆಯಬಹುದೇ? ಮತ್ತೆ, ಹೋಲಿಕೆಗೆ ಬೇವಿಲ್ಲದೆ ಕಣ ಮಾಡುವ ಸರಳ ವಿಧಾನ ಯಾವುದು? ನಮ್ಮಲ್ಲಿ ಸೋಡಿಯಂ ಬೋರೋಹೈಡ್ರೈಡ್ ಇದೆ.

ಹಳೆಯ ಬ್ಯುರೆಟ್:

ಬರೆಯಬಾರದು. ಅಯಾನು ಮುಗಿದಿದೆ ಎಂದಷ್ಟೇ ಗೊತ್ತಾಯಿತು. ಅದು ಲೋಹವಾಗಿ ಮುಗಿಯಿತೋ ಕ್ಲೋರೈಡ್ ಆಗಿ ಮುಗಿಯಿತೋ ಉಪ್ಪು ಹೇಳುವುದಿಲ್ಲ. ಅದಕ್ಕೇ ಹೈಪೋ.

ಬೋರೋಹೈಡ್ರೈಡ್ ಇದ್ದರೆ ಚೆನ್ನಾಯಿತು. 2 ಮಿಲಿಮೋಲಾರ್ ದ್ರಾವಣವನ್ನು ಆಗಿಂದಾಗಲೇ ಮಾಡಿಕೊಳ್ಳಿ: 100 ಮಿ.ಲೀ. ತಣ್ಣನೆಯ ಡಿಸ್ಟಿಲ್ಡ್ ವಾಟರ್‌ಗೆ 7.6 ಮಿಲಿಗ್ರಾಂ. ನಿನ್ನೆಯದು ಇಂದಿಗೆ ಬಾರದು, ನೀರಿನೊಡನೆ ವರ್ತಿಸಿ ಶಕ್ತಿ ಕಳೆದುಕೊಂಡಿರುತ್ತದೆ. ಅದರ 30 ಮಿ.ಲೀ.ಯನ್ನು ಮಂಜುಗಡ್ಡೆಯಲ್ಲಿ ಇಟ್ಟು ಕಲಕುತ್ತ, 1 ಮಿಲಿಮೋಲಾರ್ ಸಿಲ್ವರ್ ನೈಟ್ರೇಟಿನ 10 ಮಿ.ಲೀ.ಯನ್ನು ಸೆಕೆಂಡಿಗೆ ಒಂದು ಹನಿಯಂತೆ ಬಿಡಿ. ಈ ಕ್ರಮ ತಿರುಗುಮುರುಗಾಗಬಾರದು. ಮೊದಲು ತಿಳಿ ಹಳದಿ, ಮುಗಿಯುವ ಹೊತ್ತಿಗೆ ಹೊಳೆಯುವ ಹಳದಿ. ಮುಗಿದ ಕೂಡಲೇ ಕಲಕುವುದನ್ನು ನಿಲ್ಲಿಸಿ. ಹಾಗೇ ಕಲಕುತ್ತ ಚಹಾಕ್ಕೆ ಹೋದರೆ, ಮರಳಿ ಬರುವಾಗ ನೇರಳೆಯೋ ಬೂದಿಯೋ ಆಗಿ ಕಣಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಸರಿಯಾಗಿ ಬಂದರೆ ಯುವಿ-ವಿಸಿಬಲ್ ಶಿಖರ 390ರಿಂದ 400ರ ಬಳಿ, ಸಣಕಲಾಗಿ ನಿಲ್ಲುತ್ತದೆ. ನಿಮ್ಮ ಬೇವಿನ 436ರ ಅಗಲ ಶಿಖರದ ಪಕ್ಕದಲ್ಲಿ ಅದನ್ನು ಇಟ್ಟು ನೋಡಿ. ಗಾತ್ರ ಒಂದೇ ಅಳತೆಯಲ್ಲಿ ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಉಳಿಸಿಕೊಳ್ಳಬೇಕಾದರೆ ಕಣಗಳು ಅಂಟಿಕೊಳ್ಳದಂತೆ ತಡೆಯುವ ಪಿವಿಪಿ ಎಂಬ ಪಾಲಿಮರನ್ನು ಸ್ವಲ್ಪ ಸೇರಿಸಿ.

ಹೋಲಿಸುವಾಗ ಜೋಪಾನ. ಈ ದ್ರಾವಣದಲ್ಲಿ ಬೆಳ್ಳಿ 0.25 ಮಿಲಿಮೋಲಾರ್ ಮಾತ್ರ, ಲೀಟರಿಗೆ 27 ಮಿಲಿಗ್ರಾಂ. ಬೇವಿನದು ಅದರ ಮೂರೂವರೆ ಪಟ್ಟು. ಸಮ ಬೆಳ್ಳಿ ಕೂರಿಸದೆ ಬೇವು ಗೆದ್ದಿತು ಎಂದು ಬರೆದವರನ್ನು ಬೇಕಾದಷ್ಟು ನೋಡಿದ್ದೇನೆ.

ಅಂಟಿಸುವ ವಿಷಯಕ್ಕೆ ನನ್ನದೊಂದು ಸಲಹೆ. ಹತ್ತಿಯ ಸೆಲ್ಯುಲೋಸ್‌ನಲ್ಲಿ ಇರುವುದು ಹೈಡ್ರಾಕ್ಸಿಲ್ ಗುಂಪು, ಬೆಳ್ಳಿಯನ್ನು ಬಿಗಿಯಾಗಿ ಹಿಡಿಯುವ ಶಕ್ತಿ ಅದಕ್ಕಿಲ್ಲ. ಆದರೆ ಟ್ಯಾನಿನ್ ಹತ್ತಿಗೂ ಹತ್ತುತ್ತದೆ, ಬೆಳ್ಳಿಯನ್ನೂ ಅಪಕರ್ಷಿಸುತ್ತದೆ. ಸಹಜ ಬಣ್ಣ ಹಾಕುವವರು ಹತ್ತಿಯನ್ನು ಮೊದಲು ಅಳಲೆಕಾಯಿ ನೀರಿನಲ್ಲಿ ಅದ್ದುವುದು ಇದೇ ಹಿಡಿತಕ್ಕಾಗಿ. ಗಂಜಿ ತೆಗೆದ ಬಟ್ಟೆಯನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ತೆಗೆದ ಅಳಲೆ ಸಾರದಲ್ಲಿ ಅದ್ದಿ, ಹಿಂಡಿ, ಒಣಗಿಸಿ, ಆಮೇಲೆ ಸಿಲ್ವರ್ ನೈಟ್ರೇಟ್‌ನಲ್ಲಿ ಅದ್ದಿ. ಕಣ ಬೀಕರಿನಲ್ಲಿ ಹುಟ್ಟಿ ಬಟ್ಟೆಗೆ ವಲಸೆ ಬರುವ ಬದಲು ಎಳೆಯ ಮೇಲೆಯೇ ಹುಟ್ಟುತ್ತದೆ. ಬೇವಿನ ವಿಧಾನಕ್ಕೆ ಎದುರಾಗಿ ಇದನ್ನು ಇಟ್ಟು, ಒಗೆತದ ನೀರಿನಲ್ಲಿ ಬೆಳ್ಳಿ ಅಳೆದರೆ ನಿಮ್ಮ ಪ್ರಾಜೆಕ್ಟಿಗೆ ಒಂದು ನಿಜವಾದ ಪ್ರಶ್ನೆ ಸಿಗುತ್ತದೆ. ಬಟ್ಟೆ ಕಂದಾಗುತ್ತದೆ. ಬನಹಟ್ಟಿಯವರು ಕ್ಷಮಿಸಲಿ.

ಅಗರ್ ತಟ್ಟೆ ಉತ್ತರಿಸಿದ್ದು:

ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನನಗೆ ಈ ಚರ್ಚೆಯಲ್ಲಿ ಒಂದು ವಿಷಯ ಬಿಟ್ಟುಹೋದಂತೆ ಕಂಡಿತು. ವಲಯ ಕಾಣಲಿಲ್ಲ ಎಂದರೆ ಬಟ್ಟೆ ಸೋತಿತು ಎಂದಲ್ಲ. ಬೆಳ್ಳಿ ಅಗರಿನೊಳಗೆ ಹರಡಿಕೊಂಡರೆ ಮಾತ್ರ ವಲಯ. ಅಗರಿನಲ್ಲಿರುವ ಕ್ಲೋರೈಡ್ ಮತ್ತು ಗಂಧಕ ಇರುವ ಪೆಪ್ಟೈಡ್‌ಗಳು ಅಯಾನನ್ನು ದಾರಿಯಲ್ಲಿಯೇ ಹಿಡಿದುಕೊಳ್ಳುತ್ತವೆ. ಚೆನ್ನಾಗಿ ಅಂಟಿದ ಬೆಳ್ಳಿ ವಲಯ ತೋರಿಸದೆ, ತನ್ನನ್ನು ಮುಟ್ಟಿದ ಬ್ಯಾಕ್ಟೀರಿಯಾವನ್ನು ಮಾತ್ರ ಕೊಲ್ಲಬಹುದು. ತಟ್ಟೆಯಿಂದ ತುಂಡನ್ನು ಎತ್ತಿ ಅದರ ಅಡಿಯಲ್ಲಿ ಬ್ಯಾಕ್ಟೀರಿಯಾ ಬೆಳೆದಿದೆಯೇ ಎಂದು ನೋಡಿದ್ದೀರಾ?

ಎಣಿಕೆಯ ಪರೀಕ್ಷೆ ಮಾಡಿ ತಂಗೀ ಅಥವಾ ತಮ್ಮಾ, ಯಾರೆಂದು ತಿಳಿಯದು. ಎಎಟಿಸಿಸಿ 100 ಎಂಬ, ಬಟ್ಟೆಗಳ ಅಮೆರಿಕನ್ ಮಾನಕ ಪರೀಕ್ಷೆಯ ವಿಧಾನದಲ್ಲಿ 4.8 ಸೆಂ.ಮೀ. ವ್ಯಾಸದ ಬಿಲ್ಲೆಗಳನ್ನು ಕತ್ತರಿಸಿ, 1 ಮಿ.ಲೀ. ಕಲ್ಚರ್ ಪೂರ್ತಿ ಹೀರುವಷ್ಟು ಬಿಲ್ಲೆಗಳನ್ನು ಪೇರಿಸಿ, 37 ಡಿಗ್ರಿಯಲ್ಲಿ 24 ಗಂಟೆ ಇಟ್ಟು, ಆಮೇಲೆ ತೊಳೆದು ಬದುಕಿದವನ್ನು ಎಣಿಸುತ್ತಾರೆ. ಸ್ಟ್ಯಾಫಿಲೊಕಾಕಸ್ ಆರಿಯಸ್ ಜೊತೆಗೆ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇ ಕೂಡ ಬೇಕು. ತೊಳೆಯುವ ದ್ರಾವಣದಲ್ಲಿ ಬೆಳ್ಳಿಯನ್ನು ತಟಸ್ಥಗೊಳಿಸುವ ಥಯೋಗ್ಲೈಕೊಲೇಟ್, ಥಯೋಸಲ್ಫೇಟ್ ಇರಲೇಬೇಕು. ಇಲ್ಲದಿದ್ದರೆ ಬಟ್ಟೆಯಿಂದ ಇಳಿದ ಬೆಳ್ಳಿ ಟ್ಯೂಬಿನೊಳಗೂ ಕೊಲ್ಲುತ್ತಲೇ ಇರುತ್ತದೆ, ಶೇಕಡಾ 99.9 ಸತ್ತವು ಎಂಬ ಸುಳ್ಳು ಅಂಕಿ ನಿಮಗೆ ಸಿಗುತ್ತದೆ. ಒಗೆಯದ ತುಂಡುಗಳಲ್ಲಿ ಈ ಸುಳ್ಳು ಹೆಚ್ಚು, ಒಗೆದವುಗಳಲ್ಲಿ ಕಡಿಮೆ. ಒಗೆದ ಮೇಲೆ ಪರಿಣಾಮ ಬಿದ್ದುಹೋಯಿತು ಎಂಬ ಭ್ರಮೆಗೆ ಇದೂ ಒಂದು ಕಾರಣವಾಗಬಲ್ಲದು.

ಬೆಳ್ಳಿಗೆ ಬ್ಯಾಕ್ಟೀರಿಯಾ ಪ್ರತಿರೋಧ ಬೆಳೆಸಿಕೊಳ್ಳುವುದಿಲ್ಲ ಎಂಬ ಸಾಲು ಪೀಠಿಕೆಯಲ್ಲಿದ್ದರೆ ತೆಗೆದುಹಾಕಿ. ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಸಿಲ್ವರ್ ನೈಟ್ರೇಟ್‌ಗೆ ಬಗ್ಗದ ಸಾಲ್ಮೊನೆಲ್ಲಾ ಕಂಡಿತೆಂದು 1975ರಲ್ಲಿಯೇ ವರದಿಯಾಗಿದೆ. ಮುಂದೆ ಅದರ ಜೀನುಗಳನ್ನೂ ಗುರುತಿಸಿದರು.

ಬೆಣ್ಣೆನಗರಿ:

ತಂಗಿಯೇ ಮೇಡಂ! ತುಂಡನ್ನು ಎತ್ತಿ ನೋಡಿರಲಿಲ್ಲ, ತಟ್ಟೆಗಳನ್ನು ಆಟೋಕ್ಲೇವ್ ಮಾಡಿ ಆಗಿದೆ. ಹೊಸದಾಗಿ ಹಾಕುತ್ತೇನೆ. ಮಾರ್ಗದರ್ಶಕರಿಗೆ ಸಿಲ್ವರ್ ಕ್ಲೋರೈಡ್‌ನ ಐದು ಕೋನಗಳನ್ನು ನನ್ನ ಚಿತ್ರದ ಮೇಲೆಯೇ ಗುರುತಿಸಿ ತೋರಿಸಿದೆ. 54.8ರ ಉಬ್ಬು ಇತ್ತು. ಹೈಪೋ ಮಾಡಿಸು ಎಂದರು. ಅಳಲೆಕಾಯಿ ಗ್ರಂಧಿಗೆ ಅಂಗಡಿಯಲ್ಲಿ ಸಿಕ್ಕಿತು.

ಕೊನೆಯದೊಂದು ಪ್ರಶ್ನೆ. ಉಳಿದ ಬೆಳ್ಳಿ ದ್ರಾವಣಗಳೆಲ್ಲ ಬಾಟಲಿಗಳಲ್ಲಿ ತುಂಬಿವೆ. ಸಿಂಕಿಗೆ ಸುರಿಯಬಹುದೇ?

ಹಳೆಯ ಬ್ಯುರೆಟ್:

ಬೇಡ. ಒಂದು ಪ್ಲಾಸ್ಟಿಕ್ ಕ್ಯಾನಿನಲ್ಲಿ ಎಲ್ಲವನ್ನೂ ಕೂಡಿಸಿ, ಅಡುಗೆ ಉಪ್ಪು ಹಾಕಿ ಕಲಕಿ ರಾತ್ರಿ ಬಿಡಿ. ಅಯಾನು ಕ್ಲೋರೈಡ್ ಆಗಿ, ಕಣಗಳು ಗುಂಪುಗೂಡಿ, ಬಹುಪಾಲು ತಳ ಸೇರುತ್ತದೆ. ಮೇಲಿನ ತಿಳಿ ಬಸಿದು ಬೂದು ಕೆಸರನ್ನು ಒಣಗಿಸಿ ಸೀಸೆಯಲ್ಲಿ ಹೆಸರು ಬರೆದಿಡಿ. ಈಗಿನ ಬೆಳ್ಳಿಯ ಬೆಲೆಗೆ ವಿಭಾಗದವರು ಬೇಡವೆನ್ನಲಾರರು. ಹೈಪೋ ತೊಳೆದ ನೀರನ್ನು ಮಾತ್ರ ಇದಕ್ಕೆ ಸೇರಿಸಬೇಡಿ, ಹೈಪೋ ಹಿಡಿದ ಬೆಳ್ಳಿ ಉಪ್ಪಿಗೆ ಇಳಿಯುವುದಿಲ್ಲ.

ನಿಮ್ಮ ಪ್ರಯೋಗಾಲಯದಲ್ಲಿ ಯಾರಾದರೂ ಟಾಲೆನ್ಸ್ ದ್ರಾವಣ ಮಾಡಿ ಬಾಟಲಿಯಲ್ಲಿ ಇಟ್ಟಿದ್ದಾರೆಯೇ ಎಂದು ಇವತ್ತೇ ನೋಡಿ. ಅಮೋನಿಯಾ ಬೆರೆತ ಬೆಳ್ಳಿ ದ್ರಾವಣ ನಿಂತಲ್ಲೇ ನಿಂತರೆ ಸಿಡಿಯುವ ವಸ್ತುವಾಗುತ್ತದೆ. ಹೊಸದನ್ನು ಮಾಡಿದ ದಿನವೇ ತೆಳು ನೈಟ್ರಿಕ್ ಆಮ್ಲ ಹಾಕಿ ಆಮ್ಲೀಯಗೊಳಿಸಿ ಕ್ಯಾನಿಗೆ ಸೇರಿಸಬೇಕು. ಹಳೆಯದು, ತಳದಲ್ಲಿ ಕಪ್ಪು ಕಟ್ಟಿದ್ದು ಕಂಡರೆ ಅಲುಗಿಸಬೇಡಿ, ಮುಚ್ಚಳ ತಿರುಗಿಸಬೇಡಿ, ಮಾರ್ಗದರ್ಶಕರನ್ನು ಕರೆಯಿರಿ.